ವಿಶ್ವ ಇನ್ನೂ ಎಳೇದು, ಬ್ಲ್ಯಾಕ್ ಹೋಲ್ ಮಾತ್ರ ದೈತ್ಯ: ಹೇಗೆ ಮಾರಾಯ್ರೆ?

ಪ್ರಶ್ನೆ: ಸರ್, ಜೇಮ್ಸ್ ವೆಬ್ ಟೆಲಿಸ್ಕೋಪ್ ಬಂದ ಮೇಲೆ ಪೇಪರಲ್ಲಿ ಆಗಾಗ ಬರ್ತದೆ, ವಿಶ್ವ ಹುಟ್ಟಿ ಸ್ವಲ್ಪ ಸಮಯಕ್ಕೇ ಕೋಟಿಗಟ್ಟಲೆ ಸೂರ್ಯರಷ್ಟು ತೂಕದ ಬ್ಲ್ಯಾಕ್ ಹೋಲ್ ಇತ್ತು, ವಿಜ್ಞಾನಿಗಳಿಗೇ ಆಶ್ಚರ್ಯ ಅಂತ. ಅದು ಸಿಕ್ಕಿದ್ದೆಲ್ಲ ನುಂಗುವ ವಸ್ತು ಅಲ್ವಾ, ಬೇಗ ಬೆಳೆದ್ರೆ ಆಶ್ಚರ್ಯ ಎಂತದ್ದು? (ಓದುಗರೊಬ್ಬರು, ಕಟಪಾಡಿ)

ಉತ್ತರ: ಸಿಕ್ಕಿದ್ದೆಲ್ಲ ನುಂಗ್ತದೆ ಅನ್ನೋದು ಅರ್ಧ ಸತ್ಯ ಅಷ್ಟೆ. ಹತ್ತಿರ ಬಂದ ಗ್ಯಾಸ್ ಸೀದಾ ಒಳಗೆ ಬೀಳೋದಿಲ್ಲ, ಸುತ್ತ ತಿರುಗ್ತಾ ಚಪ್ಪಟೆ ಡಿಸ್ಕ್ ಆಗಿ, ಒಂದಕ್ಕೊಂದು ಉಜ್ಜಿ ಭಯಂಕರ ಬಿಸಿಯಾಗಿ ಹೊಳೀತದೆ, ಆ ಬೆಳಕಿಗೂ ಒತ್ತಡ ಉಂಟು, ಜಾಸ್ತಿ ತಿಂದಷ್ಟೂ ಜಾಸ್ತಿ ಬೆಳಕು, ಒಂದು ಹಂತ ದಾಟಿದ್ರೆ ಆ ಬೆಳಕೇ ಒಳಗೆ ಬರುವ ಗ್ಯಾಸನ್ನು ಹೊರಗೆ ದಬ್ತದೆ. ಇದಕ್ಕೆ ಎಡಿಂಗ್ಟನ್ ಮಿತಿ ಅಂತ ಹೆಸರು. ಹಾಗಾಗಿ ಎಷ್ಟೇ ಊಟ ಇದ್ದರೂ ತೂಕ ಡಬಲ್ ಆಗ್ಲಿಕ್ಕೆ ಸುಮಾರು ಮೂರೂವರೆ ಕೋಟಿ ವರ್ಷ ಬೇಕೇ ಬೇಕು.

ಐದು ಬ್ಯಾಂಕು ಹುಟ್ಟಿದ ಹಳೇ ದಕ್ಷಿಣ ಕನ್ನಡದವರಿಗೆ ಚಕ್ರಬಡ್ಡಿ ಹೇಳಿಕೊಡೋದು ಬೇಡ. ಬ್ಲ್ಯಾಕ್ ಹೋಲ್ ಬೆಳೆಯೋದೂ ಹಾಗೇ: ಬಡ್ಡಿ ದರಕ್ಕೆ (ಎಡಿಂಗ್ಟನ್) ಮಿತಿ ಉಂಟು, ಅವಧಿ ಕಮ್ಮಿ, ಮತ್ತೆ ಅಸಲು, ಅಂದ್ರೆ ಶುರುವಿನ ತೂಕ, ಎಷ್ಟಿತ್ತು ಅಂತ ನೋಡ್ಬೇಕು. ಜೆ0313-1806 (ಹೆಸರಲ್ಲ ಅದು, ಆಕಾಶದಲ್ಲಿ ಅದರ ಅಡ್ರೆಸ್) ಅಂತ ಒಂದು ಕ್ವೇಸಾರ್, ಅಂದ್ರೆ ಬ್ಲ್ಯಾಕ್ ಹೋಲ್ ಗ್ಯಾಸ್ ತಿನ್ನುವಾಗ ಜೋರಾಗಿ ಹೊಳೆಯುವ ಗ್ಯಾಲಕ್ಸಿಯ ನಡುಭಾಗ, ಉಂಟು, ಸುದ್ದಿಯಾದದ್ದು 2021ರ ಜನವರಿಯಲ್ಲಿ, ಅಂದ್ರೆ ವೆಬ್ ಹಾರುವ ಮೊದಲೇ. ವಿಶ್ವಕ್ಕೆ ಬರೀ 67 ಕೋಟಿ ವರ್ಷ ಆಗಿದ್ದಾಗ ಅದರೊಳಗಿನ ಬ್ಲ್ಯಾಕ್ ಹೋಲ್ 160 ಕೋಟಿ ಸೂರ್ಯರಷ್ಟು ತೂಕ. ಮೊದಲ ತಲೆಮಾರಿನ ದೊಡ್ಡ ನಕ್ಷತ್ರ ಸತ್ತು ಉಳಿದ 100 ಸೂರ್ಯರಷ್ಟು ತೂಕದ ಬ್ಲ್ಯಾಕ್ ಹೋಲಿಂದ ಶುರು ಅಂದ್ಕೊಳ್ಳಿ, 24 ಸಲ ಡಬಲ್ ಆಗ್ಬೇಕು, ಅಂದ್ರೆ 84 ಕೋಟಿ ವರ್ಷ. ವಿಶ್ವದ ವಯಸ್ಸೇ ಅಷ್ಟಿರಲಿಲ್ಲ! ಅದರಲ್ಲೂ ಮೊದಲ ನಕ್ಷತ್ರ ಹುಟ್ಟುವಾಗಲೇ ಹತ್ತು ಕೋಟಿ ವರ್ಷದ ಹತ್ತಿರ ಕಳೆದಿರ್ತದೆ.

ಈಗ ಅಸಲು ಒಂದು ಲಕ್ಷ ಸೂರ್ಯರಷ್ಟು ಇಟ್ಟು ನೋಡಿ. 14 ಸಲ ಡಬಲ್ ಆದ್ರೆ ಸಾಕು, 49 ಕೋಟಿ ವರ್ಷ, ಲೆಕ್ಕ ಕೂಡಿ ಬಂತು. ಅಷ್ಟು ದೊಡ್ಡ ಅಸಲು ಎಲ್ಲಿಂದ ಅಂದ್ರೆ, ಹೈಡ್ರೋಜನ್ ಹೀಲಿಯಂ ಮಾತ್ರ ಇರುವ ದೊಡ್ಡ ಗ್ಯಾಸ್ ಮೋಡಕ್ಕೆ ಪಕ್ಕದ ಗ್ಯಾಲಕ್ಸಿಯ ಅಲ್ಟ್ರಾವಯಲೆಟ್ ಬೆಳಕು ಬಿದ್ದು ಅದರ ಹೈಡ್ರೋಜನ್ ಅಣುಗಳು ಒಡೆದು ಹೋಗ್ತವೆ, ಅಣು ಇಲ್ಲದಿದ್ರೆ ಮೋಡ ಸರಿಯಾಗಿ ತಣಿಯೋದಿಲ್ಲ, ತಣಿಯದಿದ್ರೆ ಚೂರು ಚೂರಾಗಿ ನಕ್ಷತ್ರ ಆಗೋದಿಲ್ಲ, ಇಡೀ ಮೋಡವೇ ಒಟ್ಟಿಗೆ ಕುಸಿದು ಬ್ಲ್ಯಾಕ್ ಹೋಲ್ ಆಗ್ತದೆ. ಡೈರೆಕ್ಟ್ ಕೊಲ್ಯಾಪ್ಸ್ ಅಂತಾರೆ.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಯೇಲ್ ವಿಶ್ವವಿದ್ಯಾಲಯದ ಪ್ರಿಯಂವದಾ ನಟರಾಜನ್ (ಕೊಯಮತ್ತೂರಲ್ಲಿ ಹುಟ್ಟಿದವರು) ಮತ್ತು ಅವರ ಜೊತೆಯವರು, ಹಾಗೆ ಹುಟ್ಟಿದ್ದು ಹೇಗೆ ಕಾಣಬಹುದು ಅಂತ 2017ರಲ್ಲೇ ಲೆಕ್ಕ ಹಾಕಿದ್ರು: ಗ್ಯಾಲಕ್ಸಿಯ ಎಲ್ಲಾ ನಕ್ಷತ್ರಗಳ ತೂಕಕ್ಕೆ ಸರಿಸಾಟಿಯಾದ ಬ್ಲ್ಯಾಕ್ ಹೋಲ್, ಜೋರು ಎಕ್ಸ್‌ರೇ. 2023ರಲ್ಲಿ ವೆಬ್ ಮತ್ತು ಚಂದ್ರಾ ಎಕ್ಸ್‌ರೇ ಟೆಲಿಸ್ಕೋಪ್ (ನಮ್ಮ ಎಸ್. ಚಂದ್ರಶೇಖರ್ ಹೆಸರಿನದ್ದೇ) ಸೇರಿ ಕಂಡದ್ದು ಹೆಚ್ಚುಕಮ್ಮಿ ಅಂಥದ್ದೇ, ಯುಎಚ್‌ಝಡ್1 ಅಂತ, ಅದರ ಬೆಳಕು ಹೊರಟಾಗ ವಿಶ್ವಕ್ಕೆ 47 ಕೋಟಿ ವರ್ಷ.

ಬಡ್ಡಿ ದರದ ಮಿತಿಯನ್ನೇ ಮುರಿಯಬಹುದಲ್ವಾ ಅಂತ ಕೇಳುವವರೂ ಇದ್ದಾರೆ, ಅದೂ ಸರಿಯೇ, ಎಲ್‌ಐಡಿ-568 ಎಂಬ ಬ್ಲ್ಯಾಕ್ ಹೋಲ್ ಮಿತಿಗಿಂತ ಸುಮಾರು 40 ಪಟ್ಟು ಸ್ಪೀಡಲ್ಲಿ ತಿಂತಿದೆ ಅಂತ 2024ರಲ್ಲಿ ಬಂತು. ಆದ್ರೆ ಅಂಥ ಊಟ ಜಾಸ್ತಿ ದಿನ ನಡೆಯೋದು ಕಷ್ಟ, ಅದರ ಸುತ್ತಲಿಂದ ಹೊರಗೆ ಬೀಸುವ ಬಿಸಿ ಗಾಳಿಯೇ ಗ್ಯಾಸನ್ನು ಓಡಿಸ್ತದೆ. ನನ್ನ ಕೇಳಿದ್ರೆ ಕೆಲವಕ್ಕಾದರೂ ದೊಡ್ಡ ಅಸಲು ಇದ್ದೇ ಇತ್ತು.

ಪ್ರಶ್ನೆ: ಹಾಗಾದ್ರೆ ಮೊದಲು ಗ್ಯಾಲಕ್ಸಿಯಾ, ಬ್ಲ್ಯಾಕ್ ಹೋಲಾ? ಬಿಗ್ ಬ್ಯಾಂಗ್ ಸುಳ್ಳು ಅಂತ ಒಂದು ವಿಡಿಯೋ ಕೂಡ ನೋಡಿದೆ. (ಪಿಯುಸಿ ವಿದ್ಯಾರ್ಥಿನಿ, ಸುರತ್ಕಲ್)

ಉತ್ತರ: ವಿಡಿಯೋ ಬಿಡಮ್ಮ. 2022ರಲ್ಲಿ ವೆಬ್ ತೋರಿಸಿದ ಕೆಲವು ಗ್ಯಾಲಕ್ಸಿಗಳು ಆ ವಯಸ್ಸಿಗೆ ತೀರಾ ದಪ್ಪ ಅನ್ನಿಸಿದ್ದು ಹೌದು. ಆಮೇಲೆ ನೋಡಿದ್ರೆ ಕೆಲವದರಲ್ಲಿ ಬ್ಲ್ಯಾಕ್ ಹೋಲ್ ಸುತ್ತಲಿನ ಬಿಸಿ ಗ್ಯಾಸಿನ ಬೆಳಕನ್ನೂ ನಕ್ಷತ್ರದ್ದು ಅಂತಲೇ ಲೆಕ್ಕ ಹಿಡಿದಿದ್ರು. ಅದನ್ನು ಕಳೆದ ಮೇಲೆ ತೂಕ ಇಳಿಯಿತು, ಬಿಗ್ ಬ್ಯಾಂಗಿಗೆ ಎಂತ ಆಗಲಿಲ್ಲ.

ಯಾವುದು ಮೊದಲು ಅನ್ನೋದು ಒಳ್ಳೆ ಪ್ರಶ್ನೆ. ಈಗ ನಮ್ಮ ಸುತ್ತಮುತ್ತಲಿನ ಗ್ಯಾಲಕ್ಸಿಗಳಲ್ಲಿ ಬ್ಲ್ಯಾಕ್ ಹೋಲ್ ತೂಕ ನಕ್ಷತ್ರಗಳ ತೂಕದ ಸಾವಿರದಲ್ಲೊಂದು ಪಾಲಿನ ಆಸುಪಾಸು. ವೆಬ್ ಕಂಡ ಹಳೇ ಗ್ಯಾಲಕ್ಸಿಗಳಲ್ಲಿ ಎಷ್ಟೋ ಕಡೆ ಅದು ನೂರರಲ್ಲೊಂದು, ಕೆಲವು ಕಡೆ ಹತ್ತರಲ್ಲೊಂದು. ಅಂದ್ರೆ ಬ್ಲ್ಯಾಕ್ ಹೋಲ್ ಮೊದಲು ಓಡಿದೆ, ನಕ್ಷತ್ರಗಳು ಹಿಂದಿಂದ ಬಂದು ಕೂಡಿಕೊಂಡಿವೆ, ಎಲ್ಲಾ ಕಡೆ ಅಲ್ಲದಿದ್ರೂ ಕೆಲವು ಕಡೆ. ಒಂದು ಎಚ್ಚರಿಕೆ ಮಾತ್ರ ಬೇಕು, ಅಷ್ಟು ದೂರದಿಂದ ನಮಗೆ ಸುಲಭವಾಗಿ ಕಾಣೋದು ಜೋರಾಗಿ ಹೊಳೆಯುವವೇ, ಸಣ್ಣವು ಲೆಕ್ಕಕ್ಕೇ ಸಿಗೋದಿಲ್ಲ.

ಪ್ರಶ್ನೆ: ನಮ್ಮ ಗ್ಯಾಲಕ್ಸಿಯದ್ದು ನಮ್ಮನ್ನು ನುಂಗ್ತದಾ? ಮಲ್ಪೆ ಬೀಚಿಂದ ಕಾಣ್ತದಾ? (ಓದುಗರು, ಮಲ್ಪೆ)

ಉತ್ತರ: ನುಂಗೋದಿಲ್ಲ. 40 ಲಕ್ಷ ಸೂರ್ಯರಷ್ಟು ತೂಕ ಇದ್ದರೂ ನಾವಿರೋದು ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರ, ಮತ್ತೆ ಅದು ಈಗ ಹೆಚ್ಚುಕಮ್ಮಿ ಉಪವಾಸವೇ. ಕಣ್ಣಿಗೂ ಕಾಣೋದಿಲ್ಲ, ಮಧ್ಯೆ ಧೂಳು, 2022ರಲ್ಲಿ ಬಂದ ಚಿತ್ರ ಕೂಡ ರೇಡಿಯೋ ಅಲೆಯದ್ದು. ದಿಕ್ಕು ಮಾತ್ರ ನೋಡಬಹುದು: ವೃಶ್ಚಿಕದ ಬಾಲಕ್ಕೂ ಧನು ರಾಶಿಗೂ ನಡುವೆ. ಜೂನ್ ಜುಲೈಯಲ್ಲಿ ರಾತ್ರಿಯಿಡೀ ಇರ್ತದೆ, ಆದ್ರೆ ಆಗ ನಮ್ಮಲ್ಲಿ ಮಳೆ ಬಿಟ್ಟು ಬೇರೆ ಎಂತ ಕಾಣ್ತದೆ ಹೇಳಿ! ಅಕ್ಟೋಬರಲ್ಲಿ ಅಮಾವಾಸ್ಯೆ ಹತ್ತಿರ ಸಂಜೆ ಏಳೂವರೆಗೆ ನೈಋತ್ಯಕ್ಕೆ, ಕಡಲಿನ ಮೇಲೆ ನೋಡಿ. ಡಿಸೆಂಬರಿಗೆ ಮುಂದೂಡ್ಬೇಡಿ, ಆಗ ಸೂರ್ಯನೇ ಆ ದಿಕ್ಕಲ್ಲಿ ಇರ್ತಾನೆ.