ವಾಸನೆ ನಿಂತರೆ ಗ್ಯಾಸ್ ಹೋಯಿತು ಅಂತಲ್ಲ

ಕೊಳಚೆ ನೀರಿನ ಟ್ಯಾಂಕಿನ ಮುಚ್ಚಳ ತೆಗೆದಾಗ ಬಂದ ಕೊಳೆತ ಮೊಟ್ಟೆ ವಾಸನೆ ಸ್ವಲ್ಪ ಹೊತ್ತಿಗೆ ನಿಂತಿತು, ಈಗ ಇಳಿಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಇಳಿಯಬೇಡಿ. ಅದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರಬಹುದು. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ದಾಟಿದರೆ ಅದು ಮೂಗನ್ನೇ ಮರಗಟ್ಟಿಸುತ್ತದೆ, ಅಂದರೆ ಅಪಾಯ ಜಾಸ್ತಿಯಾದಾಗಲೇ ವಾಸನೆ ಗೊತ್ತಾಗುವುದಿಲ್ಲ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಕೂತಿರುತ್ತದೆ.

2022ರ ಏಪ್ರಿಲ್‌ನಲ್ಲಿ ಮಂಗಳೂರು ಹತ್ತಿರದ ಮೀನು ಸಂಸ್ಕರಣಾ ಘಟಕವೊಂದರ ಟ್ಯಾಂಕಿನಲ್ಲಿ ಒಬ್ಬರು ಬಿದ್ದರು, ಕಾಪಾಡಲು ಹೋದವರೂ ಸೇರಿ ಐವರು ತೀರಿಕೊಂಡರು. ಎಂಥ ಸಂಕಟ ಅಲ್ವಾ!

ಮೊದಲು ಬ್ಲೋವರ್‌ನಿಂದ ಹೊಸ ಗಾಳಿ ಹಾಯಿಸಿ. ಆಮೇಲೆ ಗ್ಯಾಸ್ ಅಳೆಯುವ ಡಿಟೆಕ್ಟರನ್ನು ಹಗ್ಗ ಕಟ್ಟಿ ಇಳಿಸಿ, ಮೇಲೆ, ನಡುವೆ, ತಳದಲ್ಲಿ ನೋಡಿ, ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇರಬಾರದು. ಬಟ್ಟೆ ಮಾಸ್ಕ್ ಏನೂ ತಡೆಯುವುದಿಲ್ಲ. ಒಳಗೆ ಯಾರಾದರೂ ಬಿದ್ದರೆ, ಉಸಿರಾಟದ ಸಿಲಿಂಡರ್ ಇಲ್ಲದೆ ಯಾರೂ ಹಿಂದೆ ಇಳಿಯಬಾರದು, 112ಕ್ಕೆ ಕರೆ ಮಾಡಿ.