ಲಾಭವಿದ್ದರೂ ಫೌಂಡ್ರಿಯ ಓಡಿ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ) ಏಕೆ ಸದಾ ಮಿತಿ ಮುಟ್ಟಿರುತ್ತದೆ?

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಿಮ್ಮ ಫೌಂಡ್ರಿ (ಲೋಹದ ಎರಕದ ಕಾರ್ಖಾನೆ) ಲಾಭ ತೋರಿಸುತ್ತಿದ್ದರೂ ಕೈಯಲ್ಲಿ ಹಣ ನಿಲ್ಲುತ್ತಿಲ್ಲ ಎಂದು ಕೇಳಿದ್ದೀರಿ. ಕಚ್ಚಾ ಮಾಲಿಗೆ ಕೊಟ್ಟ ಹಣ ಗಿರಾಕಿಯಿಂದ ಮರಳಲು ಹಿಡಿಯುವ ದಿನಗಳನ್ನು ಮೊದಲು ಲೆಕ್ಕ ಹಾಕಬೇಕು.

ಉದಾಹರಣೆಗೆ, ವಾರ್ಷಿಕ ಮಾರಾಟ 7.30 ಕೋಟಿ, ಅಂದರೆ ದಿನಕ್ಕೆ 2 ಲಕ್ಷ. ಉತ್ಪಾದನಾ ವೆಚ್ಚ ದಿನಕ್ಕೆ 1.60 ಲಕ್ಷ ಎಂದುಕೊಳ್ಳೋಣ. ದಾಸ್ತಾನು ಮತ್ತು ಕೊಡಬೇಕಾದ ಬಾಕಿಯನ್ನು ದಿನದ ವೆಚ್ಚದಿಂದ, ಬರಬೇಕಾದ ಬಾಕಿಯನ್ನು ದಿನದ ಮಾರಾಟದಿಂದ ಭಾಗಿಸಬೇಕು. ದಾಸ್ತಾನು 96 ಲಕ್ಷವಿದ್ದರೆ 60 ದಿನ, ಬರಬೇಕಾದ ಬಾಕಿ 1.50 ಕೋಟಿಯಿದ್ದರೆ 75 ದಿನ, ಕೊಡಬೇಕಾದ ಬಾಕಿ 48 ಲಕ್ಷವಿದ್ದರೆ 30 ದಿನ. ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ 105 ದಿನ. ಅಷ್ಟು ಕಾಲ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ, ಆ ಕೊರತೆಯನ್ನು ಓಡಿ ಸಾಲವೇ ತುಂಬಬೇಕಾಗುತ್ತದೆ. ಮಾರ್ಚ್ 31ರ ಅಂಕಿಯೊಂದನ್ನೇ ನಂಬಬೇಡಿ, ಏಕೆಂದರೆ ವರ್ಷಾಂತ್ಯದಲ್ಲಿ ವಸೂಲಿ ಚುರುಕಾಗಿ ಬಾಕಿ ಕಡಿಮೆ ಕಾಣುವುದುಂಟು. ತಿಂಗಳ ಸರಾಸರಿಯೇ ವಾಸಿ.

ದಾಸ್ತಾನನ್ನು ಪಿಗ್ ಐರನ್ ಮತ್ತು ಸ್ಕ್ರ್ಯಾಪ್, ಫೆಟ್ಲಿಂಗ್‌ಗೆ (ಎರಕದ ಅಂಚು ಕೆರೆದು ಚೊಕ್ಕಗೊಳಿಸುವ ಕೆಲಸಕ್ಕೆ) ಕಾದಿರುವ ಮಾಲು, ಸಿದ್ಧ ಕಾಸ್ಟಿಂಗ್ (ಎರಕ ಹೊಯ್ದ ಭಾಗ) ಎಂದು ಬಿಡಿಸಿ ನೋಡಿ. ರಿಜೆಕ್ಟ್ ಆಗಿ ಅಂಗಳದಲ್ಲಿ ಬಿದ್ದಿರುವ ಕಾಸ್ಟಿಂಗ್‌ಗಳನ್ನು ಪೂರ್ಣ ಬೆಲೆಗೆ ಪುಸ್ತಕದಲ್ಲಿ ಇಟ್ಟಿದ್ದರೆ ಲಾಭವೇ ಹುಸಿ. ಮರುಕರಗಿಸಿದರೆ ಲೋಹ ಸಿಗುತ್ತದೆಯೇ ಹೊರತು ಖರ್ಚಾದ ವಿದ್ಯುತ್ತು, ಕೂಲಿ ಮರಳುವುದಿಲ್ಲ.

ಆದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚು ಫಲ ಕೊಡುವುದು ವಸೂಲಿ: ಅದು 15 ದಿನ ಬೇಗವಾದರೆ ಮೇಲಿನ ಲೆಕ್ಕದಲ್ಲಿ 30 ಲಕ್ಷ ಬಿಡುಗಡೆಯಾಗುತ್ತದೆ. ನೀವು ಸರ್ಕಾರದ ಉದ್ಯಮ್ ನೋಂದಣಿಯಿರುವ ಸಣ್ಣ ಘಟಕವಾಗಿದ್ದರೆ, ಲಿಖಿತ ಒಪ್ಪಂದವಿದ್ದರೂ ಖರೀದಿದಾರರು 45 ದಿನಗಳೊಳಗೆ ಪಾವತಿಸಬೇಕೆಂದು 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ದೊಡ್ಡ ಗಿರಾಕಿಯೊಂದಿಗೆ ಜಗಳ ಬೇಡವೆನಿಸಿದರೆ, ಆ ಕಂಪನಿ ಟ್ರೆಡ್ಸ್ ಎಂಬ ಆನ್‌ಲೈನ್ ಬಿಲ್ ವೇದಿಕೆಯಲ್ಲಿದೆಯೇ ವಿಚಾರಿಸಿ. ಅಲ್ಲಿ ಅದು ಒಪ್ಪಿಕೊಂಡ ಬಿಲ್ಲಿನ ಮೇಲೆ ಸ್ವಲ್ಪ ಬಡ್ಡಿ ಬಿಟ್ಟುಕೊಟ್ಟು ಬ್ಯಾಂಕು ಮುಂತಾದವರಿಂದ ಮುಂಚಿತವಾಗಿ ಹಣ ಪಡೆಯಬಹುದು.