ಬೆನ್ನಿನ ನೀರಿನ ವರದಿ ಎರಡು ಕಂತಿನಲ್ಲಿ ಬರುವುದೇಕೆ?

ಸಿರುಗುಪ್ಪದಿಂದ ಬಳ್ಳಾರಿಗೆ ಕರೆತಂದ ಮಗುವಿನ ಬೆನ್ನಿನಿಂದ ನೀರು ತೆಗೆದ ವೈದ್ಯರು ಅಂದೇ ಆ್ಯಂಟಿಬಯಾಟಿಕ್ ಆರಂಭಿಸಿ, ಪೂರ್ಣ ವರದಿಗೆ ಮೂರು ದಿನ ಬೇಕೆಂದದ್ದು ಏಕೆ ಎಂದು ಕೇಳಿದ್ದೀರಿ. ಕಾಯುವಷ್ಟು ಸಮಯ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಕೊಡುವುದಿಲ್ಲ ಎಂಬುದೇ ಮುಖ್ಯ ಕಾರಣ.

ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ಈ ದ್ರವ ಸಹಜವಾಗಿ ತಿಳಿಯಾಗಿರುತ್ತದೆ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಲ್ಲಿ ಅದು ಸಾಮಾನ್ಯವಾಗಿ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗುತ್ತದೆ. ಒಂದು ಮೈಕ್ರೋಲೀಟರಿನಲ್ಲಿ ಹೆಚ್ಚೆಂದರೆ 5 ಇರಬೇಕಾದ ಬಿಳಿ ರಕ್ತಕಣಗಳು ನೂರಾರು, ಅನೇಕ ವೇಳೆ ಸಾವಿರಾರು ಆಗಿ, ಅವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್‌ಗಳೇ ಆಗಿರುತ್ತವೆ. ಪ್ರೋಟೀನ್ ಏರುತ್ತದೆ. ರಕ್ತದ ಸಕ್ಕರೆಯ ಸುಮಾರು ಮೂರನೇ ಎರಡರಷ್ಟಿರಬೇಕಾದ ಗ್ಲೂಕೋಸ್ ಶೇ. 40ಕ್ಕಿಂತ ಕೆಳಗಿಳಿಯುವುದರಿಂದ, ಹೋಲಿಕೆಗಾಗಿ ಅದೇ ಹೊತ್ತಿನಲ್ಲಿ ರಕ್ತವನ್ನೂ ತೆಗೆಯುತ್ತಾರೆ. ಬ್ಯಾಕ್ಟೀರಿಯಾ ಗುರುತಿಸುವ ಗ್ರಾಮ್ ಬಣ್ಣ ಹಾಕಿದ ಗಾಜಿನ ಪಟ್ಟಿಯ ಮೇಲೆ, ಈ ರೋಗ ತರುವ ನ್ಯೂಮೋಕಾಕಸ್ ನೇರಳೆ ಬಣ್ಣದ ಜೋಡಿಗಳಾಗಿಯೂ ಮೆನಿಂಗೋಕಾಕಸ್ ಕೆಂಪು ಛಾಯೆಯ ಜೋಡಿಗಳಾಗಿಯೂ ಕಾಣುತ್ತವೆ. ಇಷ್ಟೆಲ್ಲ ಕೆಲವೇ ಗಂಟೆಗಳ ಕೆಲಸ.

ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಹಾಗಲ್ಲ. ರೋಗಾಣು ಬೆಳೆದು, ಯಾವ ಔಷಧಕ್ಕೆ ಬಗ್ಗುತ್ತದೆಂದು ತಿಳಿಯಲು ಎರಡು ಮೂರು ದಿನ ಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಮಾದರಿಯನ್ನು ಐಸ್ ಡಬ್ಬಿಯಲ್ಲಿಡುವುದು ಜಾಣತನವೆಂದು ತೋರಬಹುದು. ಆದರೆ ಮೆನಿಂಗೋಕಾಕಸ್‌ನಂಥವು ತಂಪಿಗೆ ಸಾಯುವುದರಿಂದ ಕಲ್ಚರ್‌ನ ಮಾದರಿಯನ್ನು ಫ್ರಿಜ್‌ನಲ್ಲಿ ಇಡಬಾರದು, ತಡಮಾಡದೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಊರಿನಲ್ಲೇ ಮೊದಲು ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ತಪ್ಪದೇ ಹೇಳಿ. ಆಗ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೂ ರೋಗವಿಲ್ಲವೆಂದು ಅರ್ಥವಲ್ಲ, ಕಣಗಳ ಎಣಿಕೆ ಮತ್ತು ಪ್ರೋಟೀನ್ ಆಗಲೂ ಸುಳಿವು ಕೊಡುತ್ತವೆ, ರೋಗಾಣುವಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆಯೂ ನೆರವಾಗಬಹುದು.